ಕೈಯಿಂದ ತೆರೆಯುವ ಕಿಟಕಿ

ಬಾಗಿಲ ಪಕ್ಕದ ಪುಟ್ಟ ಪರದೆಯ ಮೇಲೆ ‘ನಾಲ್ಕು’ ಎಂದಿತ್ತು. ಕೋಣೆಯಲ್ಲಿದ್ದವರು ಮೂವರು.

ಮತ್ತೊಮ್ಮೆ ಎಣಿಸಿದೆ. ನಾನು, ನನ್ನ ಭಾವ, ನಮ್ಮೆದುರು ಹಸಿರು ಟೈ ಕಟ್ಟಿಕೊಂಡು ನಿಂತಿದ್ದ ಬ್ಯಾಂಕಿನ ಹಸಿರು ಹಣಕಾಸು ವಿಭಾಗದ ಮುಖ್ಯಸ್ಥರು. ಮೇಜಿನ ಕೆಳಗೆ ಬಗ್ಗಿಯೂ ನೋಡಿದೆ. ನಾಲ್ಕನೆಯವರ ಕಾಲು ಎಲ್ಲೂ ಕಾಣಲಿಲ್ಲ.

“ಏನ್ ಸಾರ್, ನಿಮ್ಮ ಯಂತ್ರಕ್ಕೆ ಎಣಿಸೋಕೆ ಬರಲ್ವಾ? ಇರೋದು ಮೂರು ಜನ, ಅದು ನಾಲ್ಕು ಅಂತಿದೆ. ಒಂದನೇ ಕ್ಲಾಸಿಗೆ ಸೇರಿಸಿ ಅದನ್ನ.”

ನನ್ನ ಬಾಯಿ ಹೀಗೇ. ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮುಗಳ ಬೂದಿ ಕೆದಕಿ, ಬೆಂಕಿ ಬಿದ್ದದ್ದೋ ಇಟ್ಟದ್ದೋ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಕೆದಕಿ ಕೆದಕಿ ನಾಲಿಗೆಗೂ ಬೆಂಕಿ ತಗುಲಿದೆ ಎಂದು ಅಕ್ಕ ಬೈಯುತ್ತಿರುತ್ತಾಳೆ.

ಮುಖ್ಯಸ್ಥರು ತಿರುಗಿ ಪರದೆ ನೋಡಿದರು. ತುಟಿಯ ಮೇಲಿನ ನಗು ಹಾಗೇ ಇತ್ತು, ಆದರೆ ಕತ್ತಿನ ನರವೊಂದು ಎದ್ದು ಕುಣಿಯಿತು. “ಅದು ಆಗಾಗ ತಪ್ಪುತ್ತೆ ಮೇಡಂ,” ಎಂದರು. ಐದು ನಿಮಿಷದ ಹಿಂದೆ ಇದೇ ಮನುಷ್ಯ, ಇದೇ ಪರದೆಯನ್ನು ಸವರುತ್ತ, “ಕೊರಳಲ್ಲಿರೋ ಕಾರ್ಡು ನೋಡಿ ಒಳಗೆಷ್ಟು ಜನ ಅಂತ ಎಣಿಸುತ್ತೆ, ಒಂದು ಸಲವೂ ತಪ್ಪಿಲ್ಲ. ಯಾರೂ ಇಲ್ಲ ಅಂದ್ರೆ ದೀಪ, ಗಾಳಿ ಎಲ್ಲ ತಾನೇ ನಿಲ್ಲಿಸುತ್ತೆ. ನಾಳಿನ ಪೀಳಿಗೆಗಾಗಿ!” ಎಂದು ಹೊಗಳಿದ್ದರು.

ಭಾವ ನನ್ನ ಮೊಣಕೈ ತಿವಿದು ಪಿಸುಗುಟ್ಟಿದರು. “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣಮ್ಮ. ಸ್ವಲ್ಪ ತಾಳು.”

ತಾಳುವುದು ಹೇಗೆ? ನಿನ್ನೆ ಬೆಳಗ್ಗೆ ಈ ಕಟ್ಟಡಕ್ಕೆ ಕೆಲಸಕ್ಕೆಂದು ಬಂದ ಅಕ್ಕನ ಮಗಳು ಇವತ್ತು ಮಧ್ಯಾಹ್ನವಾದರೂ ಮನೆಗೆ ಬಂದಿಲ್ಲ. ಅಕ್ಕ ಮನೆಯಲ್ಲಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

ಹುಡುಗಿಯನ್ನು ನಾವೆಲ್ಲ ಕರೆಯುವುದು ತಕ್ಕಡಿ ಎಂದು. ಚಿಕ್ಕಂದಿನಲ್ಲಿ ಎರಡು ಬಿಸ್ಕತ್ತು ಕೊಟ್ಟರೆ ಒಂದರ ಮೇಲೊಂದು ಇಟ್ಟು, ಯಾವುದು ಚೂರು ದೊಡ್ಡದು ಎಂದು ನೋಡಿಯೇ ಬಾಯಿಗೆ ಹಾಕುತ್ತಿದ್ದಳು. ಈಗ ಅದೇ ಚಾಳಿಗೆ ಬ್ಯಾಂಕು ಸಂಬಳ ಕೊಡುತ್ತಿತ್ತು. ಪರಿಸರಕ್ಕೆ ಒಳ್ಳೆಯದು ಮಾಡುತ್ತೇವೆ ಎಂದು ಹೇಳಿ ಎತ್ತುವ ಹಣವನ್ನು ಯಾವ ದೇಶ ಹೇಗೆ ಪರೀಕ್ಷಿಸುತ್ತದೆ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅಕ್ಕಪಕ್ಕ ಇಟ್ಟು ಹೋಲಿಸುವುದು ಅವಳ ಕೆಲಸ.

“ನಿಮ್ಮ ಮಗಳು ನಿನ್ನೆ ಮಧ್ಯಾಹ್ನವೇ ಕೆಲಸ ಬಿಟ್ರು ಸಾರ್,” ಎಂದರು ಮುಖ್ಯಸ್ಥರು, ಭಾವನ ಕಡೆ ತಿರುಗಿ. “ಬೇಜಾರಾಗಿದೆ ಅಂದ್ರು. ಕಾರ್ಡನ್ನ ನನ್ನ ಕೈಗೇ ಕೊಟ್ಟು ಹೋದ್ರು. ನಾವೂ ತುಂಬ ನೊಂದ್ಕೊಂಡ್ವಿ.”

“ಸ್ಕೂಟರನ್ನೂ ನಿಮ್ಮ ಕೈಗೇ ಕೊಟ್ಟು ಹೋದ್ಲಾ?” ಎಂದೆ. “ಕೆಳಗೆ ನೆಲಮಾಳಿಗೇಲಿ ನಿಂತಿದೆ. ಹೆಲ್ಮೆಟ್ ಅದರ ಮೇಲೇ ಇದೆ.”

“ಆಟೋದಲ್ಲಿ ಹೋಗಿರಬಹುದು.”

“ಮೊನ್ನೆ ತಾನೆ ಟ್ಯಾಂಕು ತುಂಬಿಸಿಕೊಂಡು ಬಂದವಳು ಆಟೋದಲ್ಲಿ?”

ಅವರು ಎದುರಿನ ಕುರ್ಚಿಯಲ್ಲಿ ಕೂತು ನೀರಿನ ಲೋಟ ನನ್ನತ್ತ ಸರಿಸಿದರು. ಸಿಬ್ಬಂದಿ ಈ ಮನುಷ್ಯನಿಗೆ ಗಿಣಿರಾಯರು ಎಂದು ಹೆಸರಿಟ್ಟಿದ್ದಾರೆಂದು ತಕ್ಕಡಿ ಹೇಳಿದ್ದಳು. ಟೈಯ ಬಣ್ಣ ನೋಡಿ ಇಟ್ಟದ್ದೋ ಗಿಣಿಪಾಠ ಕೇಳಿ ಇಟ್ಟದ್ದೋ, ಹೆಸರಂತೂ ಅಳತೆ ತೆಗೆದು ಹೊಲಿಸಿದ ಹಾಗಿತ್ತು.

ಈ ಕೋಣೆಗೆ ಬರಲು ಗಿಣಿರಾಯರಿಗೆ ಸುತರಾಂ ಇಷ್ಟವಿರಲಿಲ್ಲ. ಕೆಳಗೆ ಕ್ಯಾಂಟೀನಿನಲ್ಲಿ ಕೂರೋಣ, ಅಲ್ಲಿ ಗಾಳಿ ಚೆನ್ನಾಗಿದೆ ಎಂದರು. ಸ್ವಾಗತದ ಹುಡುಗಿ, ತಕ್ಕಡಿ ನಿನ್ನೆ ಕೊನೆಗೆ ಕೇಳಿ ಪಡೆದದ್ದು ಮೇಲಿನ ಮಹಡಿಯ ಸಭಾಕೋಣೆ ಎಂದು ಬಾಯಿ ತಪ್ಪಿ ಹೇಳಿದ್ದರಿಂದ ನಾನು ಪಟ್ಟು ಬಿಡಲಿಲ್ಲ. ಗಿಣಿರಾಯರು ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಾಗ ಒಳಗೆ ದೀಪ ಉರಿಯುತ್ತಿತ್ತು. ತಂಪು ಗಾಳಿ ಗುಂಯ್ ಎಂದು ಬೀಸುತ್ತಿತ್ತು. ಬೀಗ ಹಾಕಿದ ಕೋಣೆ, ಒಳಗೆ ಯಾರೂ ಇಲ್ಲ, ದೀಪ ಮಾತ್ರ ಉರಿಯುತ್ತಿದೆ. ಆಗಲೇ ನನಗೆ ಎಲ್ಲೋ ಕಸಿವಿಸಿಯಾಗಿತ್ತು.

ಕೋಣೆಯ ಒಂದು ಬದಿ ಇಡೀ ಗಾಜು. ಅದರಾಚೆ ರಸ್ತೆ, ವಾಹನಗಳು, ಎದುರು ಕಟ್ಟಡ. ಇನ್ನೊಂದು ಬದಿ ನೆಲದಿಂದ ಚಾವಣಿಯವರೆಗೆ ಗಿಡಗಳೇ ತುಂಬಿದ ಹಸಿರು ಗೋಡೆ. ಮೇಜು ಕುರ್ಚಿಗಳೆಲ್ಲ ಹಳೆಯ ರಟ್ಟು ಅರೆದು ಮಾಡಿದ್ದಂತೆ. ಕೂತರೆ ಕುರ್ಚಿ ನಿಟ್ಟುಸಿರು ಬಿಡುತ್ತಿತ್ತು.

“ನಮ್ಮ ಹುಡುಗಿ ದೇಶಗಳಿಗೆ ಅಡ್ಡಹೆಸರು ಇಟ್ಟಿದ್ಲು, ಗೊತ್ತಾ ಸಾರ್?” ಎಂದೆ.

“ಇಲ್ಲವಲ್ಲ.”

“ಒಂದು ಅತ್ತೆ ದೇಶ. ಪಾತ್ರೆ ತೊಳೆದೆ ಅಂದ್ರೆ ನಂಬಲ್ಲ, ತಾನೇ ಬಂದು ಬೆರಳಿಂದ ಉಜ್ಜಿ ನೋಡುತ್ತೆ. ಇನ್ನೊಂದು ಮಾವನ ದೇಶ. ಕನ್ನಡಕ ಏರಿಸ್ಕೊಂಡು ಕಟ್ಟಳೆ ಪುಸ್ತಕ ತೆಗೆದು ಕೂರುತ್ತೆ. ಪುಸ್ತಕದಲ್ಲಿ ಇದ್ರೆ ಹಸಿರು, ಇಲ್ಲದಿದ್ರೆ ಅಲ್ಲ. ಮೂರನೇದು ನಮ್ಮದು, ಅಳಿಯನ ದೇಶ. ‘ನಾನು ಒಳ್ಳೆಯವನು’ ಅಂತ ಅಳಿಯ ತಾನೇ ಹೇಳ್ಕೊಂಡ, ಮನೆಯವರೆಲ್ಲ ತಲೆದೂಗಿದ್ರು, ಮುಗೀತು ಪರೀಕ್ಷೆ.”

“ನಾನೂ ಅಳಿಯನೇ,” ಎಂದು ಭಾವ ಗೊಣಗಿದರು.

“ನಿಮ್ಮನ್ನ ನಂಬಿ ನಮ್ಮಪ್ಪ ಕೆಟ್ಟ ಬಿಡಿ ಭಾವ.” ಗಿಣಿರಾಯರ ಕಣ್ಣಿನಿಂದ ಕಣ್ಣು ಕೀಳದೆ ಮುಂದುವರಿಸಿದೆ. “ಈ ಕಟ್ಟಡಕ್ಕೆ ಮೂರೂ ದೇಶದಲ್ಲಿ ಹಸಿರು ಬಾಂಡು ಮಾರಿ ಹಣ ಎತ್ತಿದ್ರಿ. ಹೌದಾ?”

“ಮೂರೂ ಕಡೆ ಒಪ್ಪಿಗೆ ಸಿಕ್ಕಿದೆ. ಹೆಮ್ಮೆಯ ವಿಷಯ.”

“ಮಾವನ ದೇಶ ಕೇಳಿದ್ದೇನು? ಜನ ಇಲ್ಲದ ಕೋಣೇಲಿ ಗಾಳಿ, ದೀಪ ದಂಡ ಆಗಬಾರದು ಅಂತ. ಅದಕ್ಕೆ ಈ ಎಣಿಸೋ ಯಂತ್ರ. ಅಳಿಯನ ದೇಶಕ್ಕೆ ಫೋಟೋ ಸಾಕು. ಅದಕ್ಕೆ ಈ ಗಿಡದ ಗೋಡೆ. ಅತ್ತೆ ಏನು ಕೇಳಿದ್ಲು ಸಾರ್?”

“ಅದೆಲ್ಲ ತಾಂತ್ರಿಕ ವಿಚಾರ ಮೇಡಂ, ನಿಮಗೆ...”

“ಅರ್ಥ ಆಗಲ್ಲ ಅಂತೀರಾ? ಬೆಂಕಿ ಬಿದ್ದ ಕಟ್ಟಡದಲ್ಲಿ ಜನ ಯಾಕೆ ಸಾಯ್ತಾರೆ ಅಂತ ನನಗಿಂತ ನಿಮಗೆ ಜಾಸ್ತಿ ಗೊತ್ತಾ? ನಾನೇ ಹೇಳ್ತೀನಿ ಕೇಳಿ. ಜನ ಕೂರೋ ಪ್ರತಿ ಕೋಣೇಲೂ ಕರೆಂಟಿನ ಹಂಗಿಲ್ಲದೆ ಕೈಯಿಂದ ತೆರೆಯೋ ಕಿಟಕಿ ಒಂದು ಇರಲೇಬೇಕು. ಇಲ್ಲಾಂದ್ರೆ ಅತ್ತೆ ದೇಶದಲ್ಲಿ ಅದು ಹಸಿರಲ್ಲ. ಎಲ್ಲಿದೆ ಸಾರ್ ಇಲ್ಲಿ ಕಿಟಕಿ?”

ಗಿಣಿರಾಯರು ಗಾಜಿನ ಕಡೆ ಕೈ ತೋರಿಸಿದರು.

“ಅದು ಗಾಜು. ತೆರೀರಿ ನೋಡೋಣ.”

“ಕಿಟಕಿಗಳೆಲ್ಲ ದುರಸ್ತಿಗೆ ಹೋಗಿವೆ.”

“ಎಲ್ಲ ಮಹಡಿಯವೂ? ಗುಂಪಾಗಿ ಯಾತ್ರೆಗೆ ಹೋದ್ವಾ?”

ಭಾವ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ಅವರು ಆಕಾಶವಾಣಿಯಲ್ಲಿ ವಾರ್ತೆ ಓದುತ್ತಿದ್ದವರು. ಗಂಟಲೇ ಅವರ ಆಸ್ತಿ. ಮನೆಯಲ್ಲಿ ಉಪ್ಪು ಕೇಳುವಾಗಲೂ ಇಡೀ ನಾಡಿಗೆ ತಿಳಿಸುವ ಹಾಗೆ ಕೇಳುತ್ತಾರೆ. ಈಗ ಮಾತ್ರ ಅವರ ದನಿ ನಡುಗುತ್ತಿತ್ತು. “ಇದು ನಿನ್ನೆ ಮಧ್ಯಾಹ್ನ ನನ್ನ ಮಗಳು ಕಳಿಸಿದ ಮಾತು. ಕೇಳಿಸ್ಕೊಳ್ಳಿ ಸ್ವಾಮಿ.”

ಫೋನಿನಲ್ಲಿ ತಕ್ಕಡಿಯ ದನಿ ಬಂತು. ಎಲ್ಲೋ ಮೆಟ್ಟಿಲು ಹತ್ತುತ್ತಿದ್ದಳೋ ಏನೋ, ಏದುಸಿರಿತ್ತು. “ಅಪ್ಪಾ, ಅತ್ತೆಗೆ ತೋರಿಸಿದ ಕಿಟಕಿ ಸೊಸೆ ಮನೇಲಿ ಇಲ್ವೇ ಇಲ್ಲ! ಚಿಕ್ಕಿಗೆ ಹೇಳು, ಎಲ್ಲಾ ಮಹಡೀಲೂ ಒಂದೇ ಮೋಡ ಅಂತ. ನಗ್ತಾಳೆ. ಹುಡುಕಿ ಆಮೇಲೆ ಫೋನ್ ಮಾಡ್ತೀನಿ.”

ಆಮೇಲೆ ಫೋನು ಬರಲಿಲ್ಲ.

“ಮೋಡ ಅಂದ್ರೆ?” ಎಂದರು ಗಿಣಿರಾಯರು. ಕೇಳಿದ ರೀತಿಯಲ್ಲೇ ಅವರಿಗೆ ಉತ್ತರ ಗೊತ್ತಿತ್ತೆಂದು ತಿಳಿಯಿತು.

“ನಮ್ಮ ಹುಡುಗಿ ಮನೇಲಿ ಹೇಳಿದ್ಲು ಸಾರ್, ಅತ್ತೆ ಯಾವಾಗಲೂ ತಾನೇ ಬಂದು ನೋಡ್ತಿದ್ಲು. ಈ ಒಂದು ಸಲ ದಾರಿ ದೂರ, ಪ್ರಯಾಣದ ಹೊಗೆಯೂ ಭೂಮಿಗೆ ಭಾರ ಅಂದ್ಕೊಂಡು ವಿಡಿಯೋದಲ್ಲೇ ನೋಡಿ ಒಪ್ಪಿಕೊಂಡ್ಲು. ಹಸಿರು ಕೆಲಸದವರು ಮಾತ್ರ ಮಾಡಬಹುದಾದ ತಪ್ಪು ಅದು. ನೀವು ಒಂದೊಂದು ಮಹಡಿ ಅಂತ ಹೇಳಿ ಒಂದೊಂದು ಕಿಟಕಿ ತೋರಿಸಿದ್ರಿ. ಎಲ್ಲಾ ಕಿಟಕಿಯಾಚೆಯೂ ಅದೇ ಮೋಡ, ಅದೇ ಜಾಗದಲ್ಲಿ. ಅಂದ್ರೆ ಒಂದೇ ಕಿಟಕಿಯನ್ನ ಅದರ ಬಟ್ಟೆ ಪರದೆ ಬದಲಾಯಿಸಿ ಬದಲಾಯಿಸಿ ತೋರಿಸಿದ್ರಿ. ಆ ಒಂದು ಕಿಟಕಿ ಎಲ್ಲಿದೆ ಸಾರ್?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಿಣಿರಾಯರ ಕಣ್ಣು ಒಂದು ಚಣ ಹಸಿರು ಗೋಡೆಯ ಕಡೆ ಓಡಿ ವಾಪಸು ಬಂತು. ಅಷ್ಟು ಸಾಕಿತ್ತು ನನಗೆ.

ಆದರೆ ಅವರು ಕೂಗಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಮೆಲ್ಲಗೆ ಎದ್ದು, “ನಿಮ್ಮ ಅನುಮಾನ ಎಲ್ಲ ಪರಿಹಾರ ಮಾಡ್ತೀನಿ. ದೊಡ್ಡ ಸಾಹೇಬರನ್ನೇ ಕರ್ಕೊಂಡು ಬರ್ತೀನಿ. ಗೇಟಿನಲ್ಲಿ ನಿಮ್ಮ ಕೊರಳಿಗೆ ಹಾಕಿದ ಕಾರ್ಡಿನ ಅವಧಿ ಮುಗೀತಾ ಬಂತು, ಕೊಡಿ, ಕೆಳಗೆ ಹೊಸದು ಮಾಡಿಸ್ತೀನಿ. ಇಲ್ಲಾಂದ್ರೆ ಗೇಟಿನಲ್ಲಿ ಬಿಡಲ್ಲ,” ಎಂದರು.

ನಾನು ಕೊಡುತ್ತಿರಲಿಲ್ಲ. ಆದರೆ ನನ್ನ ಕಾರ್ಡಿನ ದಾರ ಕತ್ತು ಕಡಿಯುತ್ತಿದೆ ಎಂದು ಆಗಲೇ ತೆಗೆದು ಮೇಜಿನ ಮೇಲಿಟ್ಟಿದ್ದೆ. ಭಾವ ಹುಟ್ಟು ಸಜ್ಜನರು, ಯಾರೇ ಕೈ ನೀಡಿದರೂ ಏನಾದರೂ ಕೊಡಬೇಕು ಎನ್ನುವ ಜಾತಿ. ತಮ್ಮದನ್ನೂ ನನ್ನದನ್ನೂ ಸೇರಿಸಿ ಅವರ ಕೈಗಿಟ್ಟು, “ಉಪಕಾರವಾಯ್ತು,” ಎಂದೂ ಸೇರಿಸಿದರು.

ಬಾಗಿಲು ಮುಚ್ಚಿತು. ಹೊರಗೆ ಬೀಗ ತಿರುಗಿದ ಸದ್ದಾಯಿತು.

“ಬೀಗ ಯಾಕೆ ಹಾಕಿದ್ರು?” ಎಂದರು ಭಾವ.

“ಉಪಕಾರ ಮಾಡೋಕೆ.”

ಓಡಿಹೋಗಿ ಹಿಡಿ ಎಳೆದೆ. ಜಗ್ಗಿದೆ. ಒದ್ದೆ. ಬಾಗಿಲು ಜಗ್ಗಲಿಲ್ಲ. ಫೋನು ನೋಡಿದರೆ ಸಿಗ್ನಲ್ಲಿನ ಸುಳಿವಿಲ್ಲ. ಬಿಸಿಲು ತಡೆಯಲೆಂದು ಗಾಜಿಗೆ ಬಳಿದ ಲೋಹದ ಲೇಪ ಸಿಗ್ನಲ್ಲನ್ನೂ ತಡೆಯುತ್ತದೆ, ಇಂಥ ಕಟ್ಟಡಗಳಲ್ಲಿ ಇದು ಮಾಮೂಲು. ಬೆಂಕಿಯ ಗಂಟೆ ಬಾರಿಸುವ ಕೆಂಪು ಗುಂಡಿ ಹೊರಗಿನ ಓಣಿಯಲ್ಲಿತ್ತು. ಚಾವಣಿಯಲ್ಲಿ ಹೊಗೆ ಮೂಸುವ ಡಬ್ಬಿ ಇತ್ತು, ಅದಕ್ಕೆ ಹೊಗೆ ಕೊಡಲು ಬೆಂಕಿಕಡ್ಡಿ ಬೇಕಲ್ಲ. ಗಂಟಲು ಕೆಡುತ್ತದೆಂದು ಭಾವ ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ. ಮೊದಲ ಬಾರಿಗೆ ಅದಕ್ಕಾಗಿ ಅವರನ್ನು ಬೈದುಕೊಂಡೆ.

ಭಾವ ಗಾಜಿನ ಬಳಿ ನಿಂತು ಎದೆ ತುಂಬ ಉಸಿರೆಳೆದುಕೊಂಡರು. “ಕಾಪಾಡಿ! ಇಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದೇವೆ!” ಒಂದಿಷ್ಟೂ ತೊದಲಿಲ್ಲ, ವಾರ್ತೆಯ ಮುಖ್ಯಾಂಶದಂತೆಯೇ ಬಂತು. ಎದುರು ಕಟ್ಟಡದ ಬಿಸಿಲುಮಚ್ಚಿನಲ್ಲಿ ಹೆಂಗಸೊಬ್ಬಳು ಕೂದಲು ಒಣಗಿಸುತ್ತಿದ್ದಳು. ನೇರ ನಮ್ಮತ್ತಲೇ ನೋಡಿದಳು. ಭಾವ ಎರಡೂ ಕೈ ಬೀಸಿದರು. ಅವಳು ತಲೆ ವಾರೆ ಮಾಡಿ, ಹಣೆಯ ಬೊಟ್ಟು ಸರಿಮಾಡಿಕೊಂಡು ಒಳಗೆ ಹೋದಳು. ಹೊರಗಿನಿಂದ ಈ ಗಾಜು ಬರೀ ಕನ್ನಡಿ.

ಕುರ್ಚಿ ಎತ್ತಿ ಗಾಜಿಗೆ ಅಪ್ಪಳಿಸಿದೆ. ರಟ್ಟಿನ ಕುರ್ಚಿ, ಹಪ್ಪಳದ ಹಾಗೆ ಮುರಿಯಿತು. ಮೂಲೆಯಲ್ಲಿದ್ದ ಮಣ್ಣಿನ ಕುಂಡ ಎತ್ತಿ ಹೊಡೆದೆ. ಕುಂಡ ಚೂರಾಯಿತು, ಗಾಜಿಗೆ ಗೀರೂ ಬೀಳಲಿಲ್ಲ.

“ಮಗೂನೂ ಹೀಗೇ ಎಲ್ಲೋ ಹಾಕಿಟ್ಟಿದಾನೆ ಕಣಮ್ಮ,” ಎಂದು ಭಾವ ನೆಲದ ಮೇಲೆ ಕುಸಿದು ಕೂತರು. “ಕತ್ತಲೆ ಕೋಣೆ ಅಂದ್ರೆ ಅವಳಿಗೆ ಚಿಕ್ಕಂದಿನಿಂದ ಭಯ. ಬಚ್ಚಲಲ್ಲಿ ದೀಪ ಹೋದ್ರೂ ನಾನು ಹೊರಗೆ ನಿಂತು ವಾರ್ತೆ ಓದಬೇಕಿತ್ತು. ನನ್ನ ದನಿ ಕೇಳ್ತಾ ಇದ್ರೆ ಅಳ್ತಿರಲಿಲ್ಲ.”

ಸಿಟ್ಟು ಬಂದರೆ ನನಗೆ ಅಳು ಬರುವುದಿಲ್ಲ, ಆದ್ದರಿಂದ ಸಿಟ್ಟು ಮಾಡಿಕೊಂಡೆ. “ಏಳಿ ಭಾವ. ಅಳೋಕೆ ಮನೆ ಇದೆ.”

ಆಗ ಕಣ್ಣಿಗೆ ಬಿತ್ತು ಪರದೆ. ಈಗ ಅದರ ಮೇಲೆ ‘ಒಂದು’ ಎಂದಿತ್ತು.

“ನೋಡಿ. ನಮ್ಮ ಕಾರ್ಡು ಎರಡೂ ಹೋದವು, ಗಿಣಿಯದೂ ಹೋಯ್ತು. ಯಂತ್ರದ ಲೆಕ್ಕಕ್ಕೆ ನಾವು ಇಲ್ಲಿ ಇಲ್ಲವೇ ಇಲ್ಲ. ಆದರೂ ಯಾರೋ ಒಬ್ಬರು ಇದಾರೆ ಅಂತಿದೆ.”

“ತಪ್ಪುತ್ತೆ ಅಂದ್ರಲ್ಲ.”

“ತಪ್ಪೋ ಯಂತ್ರ ಹೇಗಾದರೂ ತಪ್ಪಬೇಕಿತ್ತು. ನಾಲ್ಕರಲ್ಲಿ ಮೂರು ಹೋದ್ರೆ ಒಂದು. ಲೆಕ್ಕ ಚೊಕ್ಕವಾಗಿದೆ. ಈ ಕೋಣೇಲಿ ಇನ್ನೊಂದು ಕಾರ್ಡು ಇದೆ ಭಾವ. ಬೀಗ ಹಾಕಿದ ಕೋಣೇಲಿ ದೀಪ ಉರೀತಿದ್ದದ್ದೂ ಅದರಿಂದಲೇ.”

ಭಾವ ಎದ್ದು ನಿಂತರು. “ಅವಳದಾ? ಅವನ ಕೈಗೇ ಕೊಟ್ಟು ಹೋದ್ಲು ಅಂದ.”

“ಅಂದ. ಅಂದದ್ದನ್ನೆಲ್ಲ ನಂಬೋಕೆ ನಾವೇನು ಅಳಿಯನ ದೇಶದವರಾ?” ಎಂದವಳು ನಾಲಿಗೆ ಕಚ್ಚಿಕೊಂಡೆ. “ಸರಿ, ಹೌದು, ಅಲ್ಲಿಯವರೇ. ಬನ್ನಿ, ಗಿಡ ಕೀಳೋಣ.”

ಇಬ್ಬರೂ ಹಸಿರು ಗೋಡೆಯ ಮೇಲೆ ಬಿದ್ದೆವು. ಅಂಚಿನ ಸಾಲುಗಳಲ್ಲಿ ನಿಜವಾದ ಗಿಡಗಳು, ಒದ್ದೆ ಮಣ್ಣು, ಎರೆಹುಳು. ನಡುವಿನ ಭಾಗಕ್ಕೆ ಬಂದಾಗ ಎಲೆ ಹಿಸುಕಿ ನೋಡಿದೆ. ಪ್ಲಾಸ್ಟಿಕ್ಕು. ನಡುವಿನ ಗಿಡಗಳಿಗೆ ಮಾತ್ರ ಮಣ್ಣೂ ಇಲ್ಲ, ನೀರೂ ಇಲ್ಲ. ಹಿಡಿದೆಳೆದರೆ ಚಾಪೆಯ ಹಾಗೆ ಒಟ್ಟಿಗೇ ಕಳಚಿ ಬಂತು.

ಅದರ ಹಿಂದೆ ಕಿಟಕಿ ಇತ್ತು.

ಚೊಕ್ಕ ಮರದ ಚೌಕಟ್ಟು, ಎರಡು ಕದ, ಹೊಳೆಯುವ ಹಿತ್ತಾಳೆ ಹಿಡಿ. ಗಾಜಿನಾಚೆ ನೀಲಿ ಆಕಾಶ, ಒಂದು ಬಿಳಿ ಮೋಡ. ಕದದ ಸುತ್ತ ದಪ್ಪ ರಬ್ಬರಿನ ಅಂಚು ಬಿಗಿಯಾಗಿ ಕೂತಿತ್ತು.

“ಸಿಕ್ಕಿತು!” ಎಂದು ಭಾವ ಕೂಗಿದರು. ನಾನೂ ಕೂಗಿದೆನೋ ಏನೋ. ಮನೆಗೆ ಹೋಗಿ ಅಕ್ಕನಿಗೆ ಹೇಳುವ ಮಾತುಗಳೂ ಆಗಲೇ ಬಾಯಿಗೆ ಬಂದಿದ್ದವು. ಹಿಡಿ ತಿರುಗಿಸಿ ಎಳೆದೆ. ರಬ್ಬರು ಪಚ್ ಎಂದು ಬಿಟ್ಟುಕೊಂಡಿತು, ಕದಗಳು ಸಲೀಸಾಗಿ ತೆರೆದವು. ಅತ್ತೆ ಕೇಳಿದ ಹಾಗೆಯೇ, ಕೈಯಿಂದ, ಕರೆಂಟಿಲ್ಲದೆ.

ಗಾಳಿ ಬರಲಿಲ್ಲ.

ಕೈ ಚಾಚಿದೆ. ಮೊಣಕೈಯಷ್ಟು ದೂರದಲ್ಲಿ ಬೆರಳು ಆಕಾಶಕ್ಕೆ ತಾಗಿತು. ಆಕಾಶ ಗಟ್ಟಿಯಾಗಿತ್ತು, ಬೆಚ್ಚಗಿತ್ತು. ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಬಳಿದ ನೀಲಿ, ಅಂಚಿನಲ್ಲಿ ದೀಪದ ಪಟ್ಟಿ. ಮೋಡದ ಕೆಳಗೆ ಕುಂಚದ ಕೂದಲೊಂದು ಬಣ್ಣದಲ್ಲಿ ಅಂಟಿಕೊಂಡಿತ್ತು.

ಭಾವ ನಕ್ಕರು. ನಗು ನಿಲ್ಲಲಿಲ್ಲ, ನಗುತ್ತಲೇ ಕಣ್ಣೊರೆಸಿಕೊಂಡರು. “ಹವಾಮಾನ ವರದಿ,” ಎಂದರು. “ಆಕಾಶ ಶುಭ್ರವಾಗಿರುತ್ತದೆ.”

ನಾನು ನಗಲಿಲ್ಲ. ಕೆಳ ಚೌಕಟ್ಟಿನ ಮೇಲೆ, ಹಲಗೆಗೆ ಒರಗಿ, ಒಂದು ಕಾರ್ಡು ಬಿದ್ದಿತ್ತು. ಅದರಲ್ಲಿ ತಕ್ಕಡಿಯ ಫೋಟೋ, ಹುಬ್ಬು ಏರಿಸಿಕೊಂಡು ಕ್ಯಾಮೆರಾವನ್ನೇ ಅಳೆಯುವ ಹಾಗೆ ನೋಡುತ್ತಿದ್ದಳು.

ಭಾವ ಅದನ್ನು ಕಸಿದುಕೊಂಡು ಎದೆಗೊತ್ತಿಕೊಂಡರು. “ಇಲ್ಲಿ ಬಚ್ಚಿಟ್ಟಿದಾನೆ ಪಾಪಿ!”

“ಅವನು ಇಟ್ಟಿದ್ದಲ್ಲ ಭಾವ. ಅವನಿಗೆ ಬೇಕಿದ್ರೆ ಮುರಿದು ಬಿಸಾಕ್ತಿದ್ದ. ಪರದೇಲಿ ನಾಲ್ಕು ನೋಡಿ ಅವನ ಕತ್ತಿನ ನರ ಕುಣೀತು. ಅವನಿಗೇ ಗೊತ್ತಿರಲಿಲ್ಲ ಇದು ಇಲ್ಲಿದೆ ಅಂತ.”

“ಹಾಗಾದ್ರೆ ಯಾರು?”

ಬಗ್ಗಿ ನೋಡಿದೆ. ಹಲಗೆಗೂ ಚೌಕಟ್ಟಿಗೂ ನಡುವೆ ಕೆಳಗಡೆ ಒಂದು ಸಂದು. ಕಾರ್ಡೊಂದು ತೂರುವಷ್ಟೇ ಅಗಲ. ಕಾರ್ಡಿನ ದಾರ ಇನ್ನೂ ಆ ಸಂದಿನೊಳಗಿಂದ ಹೊರಗೆ ಇಳಿಬಿದ್ದಿತ್ತು. ಭಾವ ಕಸಿದಾಗ ಕೊಂಡಿ ಬಿಚ್ಚಿಕೊಂಡು ಅಲ್ಲೇ ಉಳಿದಿತ್ತು. ದಾರದ ಇನ್ನೊಂದು ತುದಿ ಹಲಗೆಯ ಹಿಂದೆ ಹೋಗಿತ್ತು.

ಕಾರ್ಡು ಈ ಕಡೆಯಿಂದ ಒಳಗೆ ಹೋದದ್ದಲ್ಲ. ಆ ಕಡೆಯಿಂದ ಈ ಕಡೆಗೆ ಯಾರೋ ತಳ್ಳಿದ್ದರು.

ತಕ್ಕಡಿಯ ತಲೆ ಹೇಗೆ ಓಡುತ್ತದೆಂದು ನನಗೆ ಗೊತ್ತು. ಎತ್ತಿ ಆಡಿಸಿದವಳು ನಾನು. ಕಿಟಕಿಯ ಹಿಂದೇನಿದೆ ಎಂದು ನೋಡಲು ಅವಳು ಗೋಡೆಯ ಹಿಂದೆ, ಗಾಳಿಯ ಕೊಳವೆಗಳು ಹಾಯುವ ಇಕ್ಕಟ್ಟಿಗೆ ಇಳಿದಿದ್ದಾಳೆ. ಅವಳ ಹಿಂದೆ ಯಾರೋ ಬಾಗಿಲು ಹಾಕಿದ್ದಾರೆ. ಆ ಬಿಲಕ್ಕೆ ಬರುವ ಗಾಳಿ ಈ ಕೋಣೆಯ ಕೊಳವೆಯಿಂದ ಸೋರುವಷ್ಟೇ. ಈ ಕೋಣೆ ಖಾಲಿ ಎಂದು ಯಂತ್ರಕ್ಕೆ ಅನ್ನಿಸಿದ ಕೂಡಲೇ ಗಾಳಿ ನಿಲ್ಲುತ್ತದೆ. ಅದು ಮಾವನ ದೇಶದ ಕಟ್ಟಳೆ. ಅವಳಿಗೆ ಆ ಕಟ್ಟಳೆ ಬಾಯಿಪಾಠ. ಆದ್ದರಿಂದ ತನ್ನ ಕಾರ್ಡನ್ನು ಈ ಕಡೆಗೆ ತೂರಿಸಿ, ಕೋಣೆಯಲ್ಲಿ ಒಬ್ಬರಿದ್ದಾರೆ ಎಂದು ಯಂತ್ರವನ್ನು ನಂಬಿಸಿ, ನಿನ್ನೆಯಿಂದ ಜೀವ ಹಿಡಿದುಕೊಂಡು ಕೂತಿದ್ದಾಳೆ.

“ಭಾವ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಅವಳು ಇಲ್ಲೇ ಇದಾಳೆ, ಈ ಹಲಗೆಯ ಹಿಂದೆ.”

ಭಾವ ಸಂದಿಗೆ ಬಾಯಿಟ್ಟು ವಾರ್ತೆ ಓದತೊಡಗಿದರು, ಇಳಿಬಿದ್ದಿದ್ದ ದಾರವನ್ನು ಆ ಕಡೆಯಿಂದ ಯಾರೋ ಮೆಲ್ಲಗೆ ಎಳೆದರು.